ನಟನೂ ಆಗಿ ನಿರ್ದೇಶಕನೂ ಆಗಿ: ಸ್ತಾನಿಸ್ಲಾವ್‌ಸ್ಕಿ ಅವರ ರಂಗಜೀವನ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಅಭಿನಯದ ಪಾಠ ಎಲ್ಲೇ ನಡೆಯಲಿ, ಕಾನ್ಸ್ತಾಂತಿನ್ ಸ್ತಾನಿಸ್ಲಾವ್‌ಸ್ಕಿ ಅವರ ಹೆಸರು ಬಂದೇ ಬರುತ್ತದೆ. ಬಹುತೇಕ ಓದುಗರು ಅವರನ್ನು ಒಂದು ಸಿದ್ಧಾಂತದ ಕರ್ತೃವಾಗಿ ಮಾತ್ರ ಬಲ್ಲರು. ಐವತ್ತು ವರ್ಷ ಬಣ್ಣ ಹಚ್ಚಿದ, ಆ ಅವಧಿಯ ಬಹುಪಾಲು ತಾವು ಅಭಿನಯಿಸುತ್ತಿದ್ದ ನಾಟಕಗಳನ್ನೇ ನಿರ್ದೇಶಿಸುತ್ತಲೂ ಇದ್ದ ವ್ಯಕ್ತಿಯಾಗಿ ಬಲ್ಲವರು ಕಡಿಮೆ. ಅವರ ನಿರ್ದೇಶನದಲ್ಲಿ ಆದ ಪ್ರತಿಯೊಂದು ದೊಡ್ಡ ಬದಲಾವಣೆಯ ಹಿಂದೆಯೂ ನಟನಾಗಿ ಅವರು ರಂಗದ ಮೇಲೆ ಪಟ್ಟ ಯಾವುದೋ ಕಷ್ಟವಿದೆ ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ. ಮುಂದಿನ ಉತ್ತರಗಳನ್ನು ಆ ದೃಷ್ಟಿಯಿಂದಲೇ ಬರೆಯಲಾಗಿದೆ.

ಸ್ತಾನಿಸ್ಲಾವ್‌ಸ್ಕಿ ಮೊದಲು ನಟರೋ, ನಿರ್ದೇಶಕರೋ?

ನಿಸ್ಸಂದೇಹವಾಗಿ ನಟರು. 1863ರಲ್ಲಿ ಮಾಸ್ಕೋದ ಅತ್ಯಂತ ಶ್ರೀಮಂತ ವರ್ತಕ ಮನೆತನವೊಂದರಲ್ಲಿ ಹುಟ್ಟಿದ ಅವರು, 1877ರಲ್ಲಿ, ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ, ಲ್ಯುಬಿಮೋವ್ಕಾ ಎಂಬಲ್ಲಿದ್ದ ಕುಟುಂಬದ ತೋಟದ ಮನೆಯ ಪುಟ್ಟ ರಂಗದ ಮೇಲೆ ಮೊದಲ ಬಾರಿಗೆ ಪಾತ್ರ ವಹಿಸಿದರು. ಪ್ರದರ್ಶನ ಮುಗಿದ ಮೇಲೆ ತನ್ನ ಅಭಿನಯ ಎಲ್ಲಿ ಸರಿಹೋಯಿತು, ಎಲ್ಲಿ ಕೆಟ್ಟಿತು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವೂ ಆಗಿನಿಂದಲೇ ಆರಂಭವಾಯಿತು. ಮುಂದೆ ಜಗತ್ತಿನಾದ್ಯಂತ ಚರ್ಚೆಗೆ ಒಳಗಾದ ಅಭಿನಯ ಪದ್ಧತಿಯ ಬೇರು ಇರುವುದು ತನ್ನನ್ನು ತಾನೇ ಬಿಡದೆ ಗಮನಿಸಿದ ಆ ಹುಡುಗನ ಟಿಪ್ಪಣಿಗಳಲ್ಲಿ.

ಅವರ ನಿಜವಾದ ಹೆಸರು ಬೇರೆಯೇ ಇತ್ತಂತೆ, ಹೌದೇ?

ಹೌದು. ಅವರ ಮನೆತನದ ಹೆಸರು ಅಲೆಕ್ಸೆಯೇವ್. ಚಿನ್ನ ಮತ್ತು ಬೆಳ್ಳಿಯ ಜರಿ ತಯಾರಿಸುವ ಕಾರ್ಖಾನೆಯ ಒಡೆಯರಾಗಿದ್ದ ಕುಟುಂಬದ ಮಗ ಊರಿನ ಹವ್ಯಾಸಿ ನಾಟಕಗಳಲ್ಲಿ ಕುಣಿಯುತ್ತಾನೆಂಬ ಮಾತು ಮನೆಯವರ ಕಿವಿಗೆ ಬೀಳಬಾರದೆಂದು 1880ರ ದಶಕದ ನಡುವೆ ಅವರು ಸ್ತಾನಿಸ್ಲಾವ್‌ಸ್ಕಿ ಎಂಬ ರಂಗನಾಮವನ್ನು ಇಟ್ಟುಕೊಂಡರು. ಆದರೆ ಕಾರ್ಖಾನೆಯ ಹೊಣೆಯನ್ನು ಅವರು ಬಿಟ್ಟುಕೊಡಲಿಲ್ಲ. 1917ರ ಕ್ರಾಂತಿಯಲ್ಲಿ ಎಲ್ಲವೂ ಕೈತಪ್ಪುವವರೆಗೂ ಉದ್ಯಮದ ಆಡಳಿತ ಮತ್ತು ರಂಗಭೂಮಿ ಎರಡನ್ನೂ ನಿಭಾಯಿಸಿದರು.

ನಿರ್ದೇಶನವನ್ನು ಅವರು ಯಾರಿಂದ ಕಲಿತರು?

ಮೊದಮೊದಲು ಅನುಕರಣೆಯಿಂದ. ಜರ್ಮನಿಯ ಮೈನಿಂಗೆನ್ ತಂಡವು 1885ರಲ್ಲಿಯೂ 1890ರಲ್ಲಿಯೂ ಮಾಸ್ಕೋಗೆ ಬಂದಿತ್ತು. ಜನಸಂದಣಿಯ ದೃಶ್ಯಗಳಲ್ಲಿ ಆ ತಂಡ ತೋರುತ್ತಿದ್ದ ಶಿಸ್ತು, ವೇಷಭೂಷಣ ಮತ್ತು ಪರಿಕರಗಳಲ್ಲಿದ್ದ ಐತಿಹಾಸಿಕ ನಿಖರತೆ ಯುವಕ ಸ್ತಾನಿಸ್ಲಾವ್‌ಸ್ಕಿಯನ್ನು ಮರುಳುಮಾಡಿದವು. ಅದರ ನಿರ್ದೇಶಕ ಲುಡ್ವಿಗ್ ಕ್ರೋನೆಕ್ ತಾಲೀಮನ್ನು ಉಕ್ಕಿನ ಹಿಡಿತದಲ್ಲಿ ನಡೆಸುತ್ತಿದ್ದರು. 1888ರಲ್ಲಿ ಕಲೆ ಮತ್ತು ಸಾಹಿತ್ಯ ಸಂಘವನ್ನು ಕಟ್ಟಿದಾಗ ಸ್ತಾನಿಸ್ಲಾವ್‌ಸ್ಕಿ ಅದೇ ದಾರಿ ಹಿಡಿದರು: ಪ್ರತಿ ಹೆಜ್ಜೆ, ಪ್ರತಿ ವಿರಾಮ, ಪ್ರತಿ ದನಿಯ ಏರಿಳಿತವನ್ನು ತಾವೇ ಅಭಿನಯಿಸಿ ತೋರಿಸಿ, ನಟರು ಹಾಗೆಯೇ ಮಾಡಬೇಕೆಂದು ಒತ್ತಾಯಿಸಿದರು. ತಾವು ಸರ್ವಾಧಿಕಾರಿ ನಿರ್ದೇಶಕರಾಗಿದ್ದೆವೆಂದು ಮುಂದೆ ಆತ್ಮಕಥೆಯಲ್ಲಿ ಅವರೇ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ.

ನಟನಾಗಿ ಅವರು ಕಲಿತದ್ದಾದರೂ ಬೇರೆಯ ಗುರುವಿನಿಂದ. 1882ರಲ್ಲಿ ಇಟಲಿಯ ತೊಮ್ಮಾಸೊ ಸಾಲ್ವಿನಿ ಮಾಸ್ಕೋದಲ್ಲಿ ಒಥೆಲೋ ಪಾತ್ರವನ್ನು ಅಭಿನಯಿಸಿದರು. ಆ ಮಹಾನಟ ಪ್ರದರ್ಶನಕ್ಕೆ ಬಹಳ ಮುಂಚೆಯೇ ರಂಗಮಂದಿರಕ್ಕೆ ಬಂದು, ಖಾಲಿ ರಂಗದ ಮೇಲೆ ಓಡಾಡಿ, ಮುಖಕ್ಕೆ ಸ್ವಲ್ಪ ಬಣ್ಣ ಹಚ್ಚಿ, ಮತ್ತೆ ರಂಗಕ್ಕೆ ಹೋಗಿ, ಹಂತಹಂತವಾಗಿ ಪಾತ್ರದ ಒಳಗೆ ಇಳಿಯುತ್ತಿದ್ದರೆಂಬುದು ಸ್ತಾನಿಸ್ಲಾವ್‌ಸ್ಕಿ ಅವರ ಮನಸ್ಸಿನಲ್ಲಿ ಅಚ್ಚೊತ್ತಿತು. 1896ರಲ್ಲಿ ಅವರು ತಾವೇ ಒಥೆಲೋ ನಾಟಕವನ್ನು ನಿರ್ದೇಶಿಸಿ ಮುಖ್ಯ ಪಾತ್ರವನ್ನೂ ವಹಿಸಿದಾಗ ರಂಗಸಜ್ಜಿಕೆ ಮೆಚ್ಚುಗೆ ಗಳಿಸಿತು, ಆದರೆ ಪಾತ್ರದ ಭಾರವನ್ನು ಅವರ ಕಂಠವೂ ದೇಹವೂ ತಾಳಲಿಲ್ಲ. ನಿರ್ದೇಶಕನ ಸಾಮರ್ಥ್ಯ ನಟನ ಕೊರತೆಯನ್ನು ಮರೆಮಾಡಬಲ್ಲದು, ತುಂಬಿಕೊಡಲಾರದು ಎಂಬ ಪಾಠ ಅವರಿಗೆ ಅಲ್ಲಿಯೇ ಸಿಕ್ಕಿತೆಂದು ನಾನು ತಿಳಿಯುತ್ತೇನೆ.

ಮಾಸ್ಕೋ ಆರ್ಟ್ ಥಿಯೇಟರ್ ಹೇಗೆ ಹುಟ್ಟಿತು?

1897ರ ಬೇಸಿಗೆಯಲ್ಲಿ ನಾಟಕಕಾರರೂ ರಂಗಶಿಕ್ಷಕರೂ ಆಗಿದ್ದ ವ್ಲಾದಿಮಿರ್ ನೆಮಿರೋವಿಚ್-ದಾಂಚೆಂಕೊ ಅವರೊಂದಿಗೆ ಸ್ಲಾವ್ಯಾನ್‌ಸ್ಕಿ ಬಜಾರ್ ಎಂಬ ಹೋಟೆಲಿನಲ್ಲಿ ಮಧ್ಯಾಹ್ನ 2 ಗಂಟೆಗೆ ಆರಂಭವಾದ ಮಾತುಕತೆ ಮರುದಿನ ಬೆಳಿಗ್ಗೆ 8 ಗಂಟೆಗೆ ಲ್ಯುಬಿಮೋವ್ಕಾದ ಮನೆಯಲ್ಲಿ ಮುಗಿಯಿತು. ನಾಟಕಗಳ ಆಯ್ಕೆಯಲ್ಲಿ ಅಂತಿಮ ಮಾತು ನೆಮಿರೋವಿಚ್ ಅವರದು, ಪ್ರಯೋಗದ ರೂಪದಲ್ಲಿ ಅಂತಿಮ ಮಾತು ಸ್ತಾನಿಸ್ಲಾವ್‌ಸ್ಕಿ ಅವರದು ಎಂದು ಒಪ್ಪಂದವಾಯಿತು. 1898ರ ಬೇಸಿಗೆಯಲ್ಲಿ ಪುಷ್ಕಿನೋ ಎಂಬಲ್ಲಿ ಒಂದು ಕೊಟ್ಟಿಗೆಯಲ್ಲಿ ತಾಲೀಮು ನಡೆಸಿ, ಅಕ್ಟೋಬರ್‌ನಲ್ಲಿ ತ್ಸಾರ್ ಫ್ಯೋದರ್ ಕುರಿತ ಐತಿಹಾಸಿಕ ನಾಟಕದೊಂದಿಗೆ ರಂಗಮಂದಿರ ತೆರೆಯಿತು.

ಚೆಕಾವ್ ಅವರ ‘ಸೀಗಲ್’ ನಾಟಕದಲ್ಲಿ ಸ್ತಾನಿಸ್ಲಾವ್‌ಸ್ಕಿ ನಿರ್ದೇಶಕರಾಗಿ ಗೆದ್ದು ನಟರಾಗಿ ಸೋತರೆಂಬ ಮಾತು ನಿಜವೇ?

ಬಹುಮಟ್ಟಿಗೆ ನಿಜ. ಈ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು.

1896ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಈ ನಾಟಕದ ಮೊದಲ ಪ್ರದರ್ಶನ ಹೀನಾಯವಾಗಿ ಬಿದ್ದುಹೋಗಿತ್ತು. ಅದನ್ನು ಮತ್ತೆ ಆಡಿಸಬೇಕೆಂಬ ಹಟ ನೆಮಿರೋವಿಚ್ ಅವರದು. ಸ್ತಾನಿಸ್ಲಾವ್‌ಸ್ಕಿ ಅವರಿಗೆ ಆರಂಭದಲ್ಲಿ ನಾಟಕ ಅರ್ಥವೇ ಆಗಿರಲಿಲ್ಲ. ಆದರೂ ಹಳ್ಳಿಯಲ್ಲಿ ಕುಳಿತು ಅದರ ನಿರ್ದೇಶನ ಪ್ರತಿಯನ್ನು ಬರೆಯುತ್ತ, ಒಂದೊಂದೇ ಅಂಕವನ್ನು ಮಾಸ್ಕೋಗೆ ಕಳುಹಿಸಿದರು. ಯಾರು ಎಲ್ಲಿ ಕೂರಬೇಕು, ಯಾವ ಮಾತಿನ ನಂತರ ಎಷ್ಟು ಹೊತ್ತು ಮೌನ, ಎಲ್ಲಿ ಕಪ್ಪೆ ವಟಗುಟ್ಟಬೇಕು, ಎಲ್ಲಿ ನಾಯಿ ಬೊಗಳಬೇಕು ಎಂಬುದೆಲ್ಲ ಅದರಲ್ಲಿತ್ತು. 1898ರ ಡಿಸೆಂಬರ್‌ನ ಮೊದಲ ಪ್ರದರ್ಶನದಲ್ಲಿ ಸಭಾಂಗಣ ತುಂಬಿರಲಿಲ್ಲ. ಹೆದರಿಕೆ ಕಳೆಯಲು ನಟರು ಕುಡಿದಿದ್ದ ವಲೇರಿಯನ್ ಔಷಧಿಯ ವಾಸನೆ ರಂಗದ ತುಂಬ ಹರಡಿತ್ತು. ಪ್ರೇಕ್ಷಕರಿಗೆ ಬೆನ್ನು ಮಾಡಿ ಕುಳಿತಿದ್ದ ಸ್ತಾನಿಸ್ಲಾವ್‌ಸ್ಕಿ ನಡುಗುತ್ತಿದ್ದ ತಮ್ಮ ಕಾಲನ್ನು ಯಾರಿಗೂ ಕಾಣದಂತೆ ಕೈಯಿಂದ ಒತ್ತಿ ಹಿಡಿದಿದ್ದರು. ಮೊದಲ ಅಂಕದ ಪರದೆ ಬಿದ್ದಾಗ ದೀರ್ಘ ಮೌನ. ಸೋತೆವೆಂದು ನಟರು ಅಳುವ ಸ್ಥಿತಿಗೆ ಬಂದಾಗ ಚಪ್ಪಾಳೆ ಸಿಡಿಯಿತು. ನಾಟಕದ ಹೆಸರಿನಲ್ಲಿರುವ ಕಡಲಹಕ್ಕಿ (ಸೀಗಲ್) ಮುಂದೆ ರಂಗಮಂದಿರದ ಲಾಂಛನವಾಯಿತು.

ಅವರು ವಹಿಸಿದ್ದು ಪ್ರಸಿದ್ಧ ಲೇಖಕ ತ್ರಿಗೋರಿನ್‌ನ ಪಾತ್ರ. ಅನಾರೋಗ್ಯದಿಂದ ಯಾಲ್ಟಾದಲ್ಲಿದ್ದ ಚೆಕಾವ್ ಮರುವರ್ಷದ ವಸಂತದಲ್ಲಿ ಮಾಸ್ಕೋಗೆ ಬಂದಾಗ ಅವರಿಗಾಗಿಯೇ ರಂಗಸಜ್ಜಿಕೆಯಿಲ್ಲದೆ ಒಂದು ಪ್ರದರ್ಶನ ನಡೆಯಿತು. ಸ್ತಾನಿಸ್ಲಾವ್‌ಸ್ಕಿ ಶುಭ್ರವಾದ ಬಿಳಿಯ ಉಡುಪಿನಲ್ಲಿ, ಹೆಣ್ಣುಮಕ್ಕಳ ಮನಸೆಳೆಯುವ ಸೊಗಸುಗಾರನಾಗಿ ಕಾಣಿಸಿಕೊಂಡಿದ್ದರು. ಅಭಿನಯ ಚೆನ್ನಾಗಿದೆ, ಆದರೆ ಅದು ತಾನು ಬರೆದ ಪಾತ್ರವಲ್ಲ ಎಂದ ಚೆಕಾವ್, ತ್ರಿಗೋರಿನ್ ಚೌಕುಳಿ ಪ್ಯಾಂಟು ತೊಡುತ್ತಾನೆ, ಅವನ ಬೂಟುಗಳು ಹರಿದಿವೆ ಎಂದಷ್ಟೇ ಹೇಳಿ ಸುಮ್ಮನಾದರು. ಆ ಮಾತಿನ ಅರ್ಥ ಸ್ತಾನಿಸ್ಲಾವ್‌ಸ್ಕಿ ಅವರಿಗೆ ಹೊಳೆದದ್ದು ಬಹಳ ಕಾಲದ ನಂತರ. ಹರಿದ ಬೂಟಿನ ಆ ಸಾಧಾರಣ ಮನುಷ್ಯನನ್ನು ನೀನಾ ಎಂಬ ಹುಡುಗಿ ತನ್ನ ಕನಸಿನ ಕಣ್ಣಿನಿಂದ ದೊಡ್ಡವನನ್ನಾಗಿ ಮಾಡಿಕೊಳ್ಳುತ್ತಾಳೆ. ಅವಳ ದುರಂತ ಇರುವುದೇ ಅಲ್ಲಿ. ಬೇರೆ ಪಾತ್ರಗಳ ಉಸಿರಾಟವನ್ನೂ ಲೆಕ್ಕಹಾಕಿ ಬರೆದ ನಿರ್ದೇಶಕನಿಗೆ ತನ್ನ ಪಾತ್ರದ ಕಾಲಿನಲ್ಲಿ ಎಂಥ ಬೂಟು ಇರಬೇಕೆಂದು ಕಾಣಲಿಲ್ಲ. ತಾನೇ ನಿರ್ದೇಶಿಸಿ ತಾನೇ ಅಭಿನಯಿಸುವ ಪ್ರತಿಯೊಬ್ಬರಿಗೂ ಎದುರಾಗುವ ಅಪಾಯ ಇದು: ಸಭಾಂಗಣದಲ್ಲಿ ಕುಳಿತು ನೋಡಬೇಕಾದ ಕಣ್ಣು ರಂಗದ ಮೇಲೆ ಇರುತ್ತದೆ.

ಹಾಗಾದರೆ ಆ ಅಪಾಯವನ್ನು ಅವರು ಹೇಗೆ ನಿಭಾಯಿಸಿದರು?

ಎರಡು ಬಗೆಯಲ್ಲಿ. ಒಂದು, ತಾಲೀಮಿಗೆ ಮೊದಲೇ ಇಡೀ ಪ್ರಯೋಗವನ್ನು ಕಾಗದದ ಮೇಲೆ ಇಳಿಸುವುದು. ಇನ್ನೊಂದು, ಹೊರಗೆ ಕುಳಿತು ನೋಡುವ ಸಹನಿರ್ದೇಶಕರನ್ನು ಜೊತೆಗಿಟ್ಟುಕೊಳ್ಳುವುದು. ಆರಂಭದ ವರ್ಷಗಳಲ್ಲಿ ಆ ಸ್ಥಾನದಲ್ಲಿದ್ದವರು ನೆಮಿರೋವಿಚ್, ಮುಂದೆ ಲಿಯೋಪೋಲ್ಡ್ ಸುಲೆರ್ಜಿತ್‌ಸ್ಕಿ. ‘ಅಂಕಲ್ ವಾನ್ಯಾ’ದ ಆಸ್ತ್ರೋವ್ (1899), ‘ತ್ರೀ ಸಿಸ್ಟರ್ಸ್’ ನಾಟಕದ ವೆರ್ಶಿನಿನ್ (1901), ಗೋರ್ಕಿ ಅವರ ‘ಲೋವರ್ ಡೆಪ್ತ್ಸ್’ ನಾಟಕದ ಸಾತಿನ್ (1902), ‘ಚೆರ್ರಿ ಆರ್ಚರ್ಡ್’ನ ಗಾಯೆವ್ (1904), ಇವೆಲ್ಲ ಹಾಗೆ ನಿರ್ದೇಶನದ ಹೊಣೆಯನ್ನೂ ಹೊತ್ತು ಕಟ್ಟಿದ ಪಾತ್ರಗಳು.

ನಟನಾಗಿ ಅವರ ಅತ್ಯುತ್ತಮ ಪಾತ್ರ ಯಾವುದು?

1900ರಲ್ಲಿ ಅವರು ಮೊದಲು ಅಭಿನಯಿಸಿದ, ಇಬ್ಸನ್ ಅವರ ‘ಜನಶತ್ರು’ ನಾಟಕದ ಡಾಕ್ಟರ್ ಸ್ಟಾಕ್‌ಮನ್ ಎಂದೇ ನಾನು ಹೇಳುತ್ತೇನೆ. ಮಂದದೃಷ್ಟಿ, ಮುಂದಕ್ಕೆ ಬಾಗಿದ ಮೈ, ಅವಸರದ ನಡಿಗೆ, ಮಾತಾಡುವಾಗ ಎದುರಿನವರೊಳಗೆ ವಿಚಾರವನ್ನು ನೆಡುವಂತೆ ಚಾಚಿದ ಎರಡು ಬೆರಳುಗಳು, ಇವೆಲ್ಲ ಆ ಪಾತ್ರಕ್ಕೆ ತಾವಾಗಿಯೇ ಒದಗಿ ಬಂದವೆಂದು ಅವರು ಬರೆಯುತ್ತಾರೆ.

1901ರ ಮಾರ್ಚ್‌ನಲ್ಲಿ ತಂಡ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿತ್ತು. ಕಜಾನ್ ಚೌಕದಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಯ ಮೇಲೆ ಪೊಲೀಸರು ಮುಗಿಬಿದ್ದ ದಿನವೇ ಈ ನಾಟಕದ ಪ್ರದರ್ಶನ. ಕೊನೆಯ ಅಂಕದಲ್ಲಿ ಹರಿದ ತನ್ನ ಉಡುಪನ್ನು ನೋಡಿ ಸ್ಟಾಕ್‌ಮನ್, ಸ್ವಾತಂತ್ರ್ಯಕ್ಕಾಗಿ ಸತ್ಯಕ್ಕಾಗಿ ಹೋರಾಡಲು ಹೊರಟಾಗ ಹೊಸ ಬಟ್ಟೆ ಹಾಕಿಕೊಳ್ಳಬಾರದು ಎನ್ನುತ್ತಾನೆ. ಆ ಮಾತು ಕೇಳಿದ್ದೇ ತಡ, ಸಭಾಂಗಣವೆಲ್ಲ ಭೋರ್ಗರೆಯಿತು; ಪ್ರದರ್ಶನ ನಿಲ್ಲಬೇಕಾಯಿತು; ಜನ ರಂಗದ ಬಳಿಗೆ ನುಗ್ಗಿ ನಟನ ಕೈ ಕುಲುಕಿದರು. ರಾಜಕೀಯದ ಉದ್ದೇಶವಿಟ್ಟುಕೊಂಡು ಅವರು ಆ ಪಾತ್ರವನ್ನು ಕಟ್ಟಿರಲಿಲ್ಲ. ಸತ್ಯವನ್ನು ಬಿಟ್ಟುಕೊಡಲಾರದ ಒಬ್ಬ ಮುಗ್ಧ ಮನುಷ್ಯನನ್ನು ನಂಬಿ ಅಭಿನಯಿಸಿದ್ದರು, ಅಷ್ಟೆ.

ಅಭಿನಯ ಪದ್ಧತಿಯ ಹುಡುಕಾಟ ಆರಂಭವಾದದ್ದು ಯಾವಾಗ?

1906ರಲ್ಲಿ, ಅದೇ ಸ್ಟಾಕ್‌ಮನ್ ಪಾತ್ರದಿಂದ. ಅದಕ್ಕೆ ಎರಡು ವರ್ಷ ಮುಂಚೆ ಚೆಕಾವ್ ತೀರಿಕೊಂಡಿದ್ದರು; ಹಿಂದೆ ತಂಡದ ನಟರಾಗಿದ್ದ ನಿರ್ದೇಶಕ ಮೆಯರ್‌ಹೋಲ್ಡ್ ಅವರೊಂದಿಗೆ 1905ರಲ್ಲಿ ಕಟ್ಟಿದ ಪ್ರಾಯೋಗಿಕ ಸ್ಟುಡಿಯೋ ಸಾರ್ವಜನಿಕರಿಗೆ ತೆರೆಯುವ ಮುನ್ನವೇ ಮುಚ್ಚಿತ್ತು. ಯೂರೋಪಿನ ಪ್ರವಾಸದ ಯಶಸ್ಸಿನ ನಂತರ ಬೇಸಿಗೆಯಲ್ಲಿ ಫಿನ್ಲೆಂಡ್‌ನಲ್ಲಿ ತಂಗಿದ್ದಾಗ, ಕಡಲಿನ ಕಡೆ ಮುಖಮಾಡಿದ ಬಂಡೆಯೊಂದರ ಮೇಲೆ ಕುಳಿತು ಅವರು ತಮ್ಮ ಹಳೆಯ ಪಾತ್ರಗಳನ್ನು ಪರೀಕ್ಷಿಸಿಕೊಂಡರು. ಆ ಎರಡು ಬೆರಳುಗಳು ಈಗಲೂ ಚಾಚುತ್ತಿದ್ದವು, ಆ ನಡಿಗೆಯೂ ಇತ್ತು. ಆದರೆ ಅವುಗಳನ್ನು ಹುಟ್ಟಿಸಿದ ಭಾವ ಎಂದೋ ಆರಿಹೋಗಿತ್ತು. ಚಪ್ಪಾಳೆ ಮಾತ್ರ ಮೊದಲಿನಷ್ಟೇ ಬೀಳುತ್ತಿತ್ತು. ಸ್ಫೂರ್ತಿ ಬಂದಾಗ ಬರಲಿ ಎಂದು ಕಾಯದೆ, ಅದು ಬರುವ ಸ್ಥಿತಿಯನ್ನು ನಟ ತಾನೇ ಪ್ರಜ್ಞಾಪೂರ್ವಕವಾಗಿ ಸಿದ್ಧಪಡಿಸಿಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು.

ತಂಡದ ನಟರು ಈ ಹೊಸ ದಾರಿಯನ್ನು ಒಪ್ಪಿಕೊಂಡರೇ?

ಸುಲಭವಾಗಿ ಒಪ್ಪಲಿಲ್ಲ. ಹತ್ತು ವರ್ಷ ಜೊತೆಯಲ್ಲಿ ದುಡಿದು ಹೆಸರು ಮಾಡಿದ್ದ ನಟರಿಗೆ, ಮತ್ತೆ ಅಕ್ಷರಾಭ್ಯಾಸದಿಂದ ಆರಂಭಿಸೋಣ ಎಂಬ ಮಾತು ರುಚಿಸುವುದಾದರೂ ಹೇಗೆ? 1909ರಲ್ಲಿ ತುರ್ಗೆನೆವ್ ಅವರ ‘ಎ ಮಂತ್ ಇನ್ ದ ಕಂಟ್ರಿ’ ನಾಟಕವನ್ನು ಅವರು ಹೊಸ ಪದ್ಧತಿಯಲ್ಲಿ ನಿರ್ದೇಶಿಸಿ, ರಕೀತಿನ್ ಪಾತ್ರವನ್ನೂ ವಹಿಸಿದರು. ಹಿಂದಿನ ಕಪ್ಪೆ, ನಾಯಿ, ಗಾಳಿಯ ಸದ್ದುಗಳೆಲ್ಲ ಹೋದವು. ನಟರು ಬಹುಪಾಲು ಕುಳಿತಲ್ಲಿಯೇ ಕುಳಿತು, ಕೈಕಾಲು ಆಡಿಸದೆ, ಕಣ್ಣು ಮತ್ತು ದನಿಯಿಂದಲೇ ಒಳಗಿನ ತಳಮಳವನ್ನು ಮುಟ್ಟಿಸಬೇಕಾಯಿತು. ಮುಖ್ಯ ಪಾತ್ರದಲ್ಲಿದ್ದ ಓಲ್ಗಾ ಕ್ನಿಪ್ಪರ್ (ಚೆಕಾವ್ ಅವರ ಪತ್ನಿ) ತಾಲೀಮಿನಲ್ಲಿ ಕಣ್ಣೀರು ಹಾಕಿದಾಗ ಸ್ತಾನಿಸ್ಲಾವ್‌ಸ್ಕಿ ಹೂವಿನೊಂದಿಗೆ ಧೈರ್ಯದ ಪತ್ರ ಕಳುಹಿಸಿದರು. ಸರ್ವಾಧಿಕಾರಿಯಾಗಿದ್ದ ನಿರ್ದೇಶಕ ಎಷ್ಟು ದೂರ ನಡೆದುಬಂದಿದ್ದರೆಂಬುದಕ್ಕೆ ಆ ಪತ್ರವೇ ಸಾಕ್ಷಿ.

ಹಿರಿಯರ ಪ್ರತಿರೋಧ ಕಂಡು ಅವರು ಕಿರಿಯರ ಕಡೆ ತಿರುಗಿದರು. 1912ರಲ್ಲಿ ಆರಂಭವಾದ ಮೊದಲ ಸ್ಟುಡಿಯೋದಿಂದ ವಖ್ತಾಂಗೊವ್, ಮಿಖಾಯಿಲ್ ಚೆಕಾವ್, ಬೊಲೆಸ್ಲಾವ್‌ಸ್ಕಿ ಮುಂತಾದವರು ಬಂದರು.

ಅವರು ಹೊಸ ಪಾತ್ರ ವಹಿಸುವುದನ್ನು ನಿಲ್ಲಿಸಿದ್ದು ಏಕೆ?

ಅವರ ರಂಗಜೀವನದ ಅತ್ಯಂತ ನೋವಿನ ಅಧ್ಯಾಯ ಇದು. ದೊಸ್ತೊಯೆವ್‌ಸ್ಕಿ ಅವರ ಕಾದಂಬರಿಯನ್ನು ಆಧರಿಸಿದ ‘ಸ್ತೆಪಾಂಚಿಕೊವೊ ಗ್ರಾಮ’ದಲ್ಲಿ ಕರ್ನಲ್ ರೊಸ್ತಾನೆವ್ ಎಂಬ ಸಾಧು ಮನುಷ್ಯನ ಪಾತ್ರವಿದೆ. 1891ರಲ್ಲಿ ಅದನ್ನು ಅಭಿನಯಿಸಿದಾಗ ತಾವೇ ಆ ಪಾತ್ರವಾಗಿಬಿಟ್ಟಿದ್ದ ಅನುಭವ ಅವರಿಗೆ ಆಗಿತ್ತು. ಕಾಲು ಶತಮಾನದ ನಂತರ ಅದನ್ನೇ ಮತ್ತೆ ಕೈಗೆತ್ತಿಕೊಂಡು ದೀರ್ಘಕಾಲ ತಾಲೀಮು ಮಾಡಿದರೂ ಪಾತ್ರ ಕೈಗೆ ಹತ್ತಲಿಲ್ಲ. 1917ರ ಮಾರ್ಚ್‌ನಲ್ಲಿ, ವೇಷಸಹಿತ ತಾಲೀಮಿನ ಹಂತದಲ್ಲಿ, ನೆಮಿರೋವಿಚ್ ಪಾತ್ರವನ್ನು ಅವರಿಂದ ಹಿಂತೆಗೆದುಕೊಂಡರು. ಬಣ್ಣ ಹಚ್ಚಿ ಸಿದ್ಧರಾಗಿದ್ದ ಸ್ತಾನಿಸ್ಲಾವ್‌ಸ್ಕಿ ಅತ್ತರು. ಆದರೆ ಆ ನಿರ್ಧಾರವನ್ನು ಬಹಿರಂಗವಾಗಿ ಪ್ರಶ್ನಿಸಲಿಲ್ಲ. ಸಂಸ್ಥಾಪಕನೆಂಬ ಅಧಿಕಾರವನ್ನು ಚಲಾಯಿಸಲೂ ಇಲ್ಲ. ಆಮೇಲೆ ಹಳೆಯ ಪಾತ್ರಗಳನ್ನು ಆಡಿದರೇ ಹೊರತು ಹೊಸ ನಾಟಕವೊಂದರಲ್ಲಿ ಹೊಸ ಪಾತ್ರವನ್ನು ಕಟ್ಟಲಿಲ್ಲ. ರಂಗಮಂದಿರದ ಶಿಸ್ತು ಎಲ್ಲರಿಗೂ ಒಂದೇ ಎಂದು ಜೀವನವಿಡೀ ಹೇಳಿಕೊಂಡು ಬಂದವರು ಆ ಶಿಸ್ತು ತಮ್ಮ ಮೇಲೆಯೇ ಬಂದಾಗಲೂ ತಲೆಬಾಗಿದರೆಂಬುದು ನನ್ನ ಮಟ್ಟಿಗೆ ಅವರ ಯಾವ ಯಶಸ್ಸಿಗಿಂತಲೂ ದೊಡ್ಡದು.

ಅಮೆರಿಕದ ‘ಮೆಥಡ್ ಆ್ಯಕ್ಟಿಂಗ್’ ಸ್ತಾನಿಸ್ಲಾವ್‌ಸ್ಕಿ ಪದ್ಧತಿಯೇ?

ಅದರ ಒಂದು ಕವಲು, ಅಷ್ಟೆ. 1922ರಿಂದ 1924ರವರೆಗೆ ತಂಡ ಯೂರೋಪ್ ಮತ್ತು ಅಮೆರಿಕದಲ್ಲಿ ಪ್ರವಾಸ ಮಾಡಿತು. ಅಲ್ಲಿಯೇ ಉಳಿದ ಬೊಲೆಸ್ಲಾವ್‌ಸ್ಕಿ ಅವರಿಂದ ಲೀ ಸ್ಟ್ರಾಸ್‌ಬರ್ಗ್ ಮೊದಲಾದವರು ಕಲಿತದ್ದು ಪದ್ಧತಿಯ ಆರಂಭದ ರೂಪ. ನಟನ ಸ್ವಂತ ಭಾವಸ್ಮೃತಿಗೆ, ಎಂದರೆ ತನ್ನ ಬದುಕಿನ ಹಳೆಯ ಅನುಭವವನ್ನು ನೆನೆದು ಅದರ ಭಾವವನ್ನು ಮತ್ತೆ ತಂದುಕೊಳ್ಳುವುದಕ್ಕೆ, ಅದರಲ್ಲಿ ಪ್ರಾಧಾನ್ಯವಿತ್ತು. 1934ರಲ್ಲಿ ನಟಿ ಸ್ಟೆಲ್ಲಾ ಆಡ್ಲರ್ ಪ್ಯಾರಿಸ್‌ನಲ್ಲಿ ಸ್ತಾನಿಸ್ಲಾವ್‌ಸ್ಕಿ ಅವರನ್ನೇ ಭೇಟಿಯಾದಾಗ, ಅವರು ಅಷ್ಟರಲ್ಲಿ ಕ್ರಿಯೆ ಮತ್ತು ನಾಟಕದ ಸನ್ನಿವೇಶಗಳ ಕಡೆಗೆ ಒತ್ತು ಬದಲಿಸಿದ್ದರೆಂದು ತಿಳಿಯಿತು.

1928ರಲ್ಲಿ ಏನಾಯಿತು? ಆಮೇಲೆ ಅವರು ರಂಗಭೂಮಿಯಿಂದ ದೂರವಾದರೇ?

ರಂಗಮಂದಿರದ ಮೂವತ್ತನೆಯ ವರ್ಷದ ಸಮಾರಂಭದಲ್ಲಿ ‘ತ್ರೀ ಸಿಸ್ಟರ್ಸ್’ ನಾಟಕದ ಮೊದಲ ಅಂಕದಲ್ಲಿ ವೆರ್ಶಿನಿನ್ ಪಾತ್ರ ಮಾಡುತ್ತಿದ್ದಾಗ ಅವರಿಗೆ ತೀವ್ರ ಹೃದಯಾಘಾತವಾಯಿತು. ಪರದೆ ಬೀಳುವವರೆಗೂ ಪಾತ್ರವನ್ನು ಬಿಡದೆ ನಿಂತರು. ಮತ್ತೆಂದೂ ಅವರು ಬಣ್ಣ ಹಚ್ಚಲಿಲ್ಲ.

ನಿರ್ದೇಶನವಾದರೂ ನಿಲ್ಲಲಿಲ್ಲ. ಚೇತರಿಸಿಕೊಳ್ಳಲು ಫ್ರಾನ್ಸ್‌ನ ನೀಸ್ ನಗರದಲ್ಲಿದ್ದಾಗ ಒಥೆಲೋ ನಾಟಕದ ನಿರ್ದೇಶನ ಪ್ರತಿಯನ್ನು ಬರೆದು ಮಾಸ್ಕೋಗೆ ಕಳುಹಿಸುತ್ತಿದ್ದರು. ಮುಂದೆ ಲಿಯೋಂತ್ಯೆವ್‌ಸ್ಕಿ ಓಣಿಯ ಮನೆಯೇ ತಾಲೀಮಿನ ಕೋಣೆಯಾಯಿತು. ನಟರೂ ಗಾಯಕರೂ ಅಲ್ಲಿಗೇ ಬರುತ್ತಿದ್ದರು. 1938ರ ಆರಂಭದಲ್ಲಿ ಸೋವಿಯತ್ ಸರ್ಕಾರ ಮೆಯರ್‌ಹೋಲ್ಡ್ ಅವರ ರಂಗಮಂದಿರವನ್ನು ಮುಚ್ಚಿಸಿ, ಅವರ ಹತ್ತಿರ ಸುಳಿಯಲೂ ಜನ ಹೆದರುತ್ತಿದ್ದಾಗ, ಆ ಹಳೆಯ ಶಿಷ್ಯನನ್ನು, ಕಲೆಯಲ್ಲಿ ತಮಗೆ ಎದುರಾಗಿ ನಿಂತಿದ್ದವನನ್ನು, ಸ್ತಾನಿಸ್ಲಾವ್‌ಸ್ಕಿ ತಮ್ಮ ಸಂಗೀತ ನಾಟಕದ ರಂಗಮಂದಿರಕ್ಕೆ ಕರೆದು ಕೆಲಸ ಕೊಟ್ಟರು. ಅದೇ ವರ್ಷ ಆಗಸ್ಟ್ 7ರಂದು ಅವರು ತೀರಿಕೊಂಡರು.

‘ದೈಹಿಕ ಕ್ರಿಯೆಗಳ ವಿಧಾನ’ ಎಂದರೇನು?

ಕೊನೆಯ ವರ್ಷಗಳಲ್ಲಿ ಅವರು ತಾಲೀಮಿನ ಕ್ರಮವನ್ನೇ ತಿರುಗಿಸಿದರು. ಮೇಜಿನ ಸುತ್ತ ಕುಳಿತು ತಿಂಗಳುಗಟ್ಟಲೆ ನಾಟಕವನ್ನು ವಿಶ್ಲೇಷಿಸಿ, ಭಾವ ಮೂಡಿದ ಮೇಲೆ ರಂಗಕ್ಕೆ ಏಳುವುದು ಹಳೆಯ ಕ್ರಮ. ಹೊಸ ಕ್ರಮದಲ್ಲಿ ನಟನಿಗೆ ಮೊದಲು ಕೇಳುವ ಪ್ರಶ್ನೆ, ಈ ಸನ್ನಿವೇಶದಲ್ಲಿ ನೀನಿದ್ದರೆ ಏನು ಮಾಡುತ್ತೀಯೆ ಎಂಬುದು. ಬಾಗಿಲು ಹಾಕುವುದು, ಪತ್ರ ಬಚ್ಚಿಡುವುದು, ಎದುರಿನವನ ಮುಖ ಓದುವುದು, ಇಂಥ ಸರಳ ಕ್ರಿಯೆಯನ್ನು ನಿಜವಾಗಿ ಮಾಡಿದರೆ ಭಾವ ತಾನಾಗಿ ಹಿಂದೆ ಬರುತ್ತದೆ. ನೇರವಾಗಿ ಹಿಡಿಯಹೋದರೆ ಓಡುತ್ತದೆ. ಮೊಲಿಯೇರ್ ಅವರ ‘ತಾರ್ತ್ಯೂಫ್’ ನಾಟಕವನ್ನು ಕೆದ್ರೊವ್, ತೊಪೊರ್ಕೊವ್ ಮುಂತಾದ ನಟರೊಂದಿಗೆ ಈ ಬಗೆಯಲ್ಲಿ ತಾಲೀಮು ಮಾಡಿದ್ದು ಪ್ರದರ್ಶನದ ಆತುರದಿಂದಲ್ಲ, ನಟರಿಗೆ ವಿದ್ಯೆ ದಾಟಿಸಬೇಕೆಂದು. ಅದು ಪ್ರೇಕ್ಷಕರ ಮುಂದೆ ಬಂದದ್ದು ಅವರ ಮರಣಾನಂತರ.

ಕನ್ನಡ ರಂಗಭೂಮಿಗೂ ಇವರಿಗೂ ಏನು ಸಂಬಂಧ?

ನೇರ ಸಂಬಂಧವಿಲ್ಲ, ರಂಗಶಿಕ್ಷಣದ ಮೂಲಕ ಬಂದ ಸಂಬಂಧವಿದೆ. 1959ರಲ್ಲಿ ಆರಂಭವಾದ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಬಿ.ವಿ. ಕಾರಂತರಂತಹ ಕನ್ನಡಿಗರು ಕಲಿತು ಬಂದರು. 1980ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ತೆರೆಯಿತು. ಆದರೆ ನಟನೇ ಪ್ರಯೋಗವನ್ನು ನಡೆಸುವುದು ನಮಗೆ ಹೊಸದೇನೂ ಆಗಿರಲಿಲ್ಲ. ಗುಬ್ಬಿ ವೀರಣ್ಣನವರು ಕಂಪನಿಯ ಒಡೆಯರೂ ಆಗಿ ಜನಮೆಚ್ಚಿದ ನಟರೂ ಆಗಿದ್ದರು. ಯಕ್ಷಗಾನದಲ್ಲಂತೂ ಭಾಗವತರು ರಂಗದ ಮೇಲೆಯೇ ಕುಳಿತು, ತಾಳ ಹಿಡಿದು, ಇಡೀ ಪ್ರಸಂಗವನ್ನು ಆ ಕ್ಷಣದಲ್ಲೇ ನಿರ್ದೇಶಿಸುತ್ತಾರೆ. ವೇಷಧಾರಿಗಳು ಅವರನ್ನು ಮೊದಲನೆಯ ವೇಷವೆಂದೇ ಗೌರವಿಸುತ್ತಾರೆ. ಒಳಗಿದ್ದುಕೊಂಡೇ ಹೊರಗಿನ ಕಣ್ಣನ್ನು ಉಳಿಸಿಕೊಳ್ಳುವ ಸಮಸ್ಯೆಗೆ ನಮ್ಮ ಪರಂಪರೆ ಕಂಡುಕೊಂಡ ಆ ಉತ್ತರವನ್ನು ಅಭಿನಯ ಕಲಿಯುವವರು ಸ್ತಾನಿಸ್ಲಾವ್‌ಸ್ಕಿ ಅವರ ಬರಹಗಳ ಜೊತೆಗಿಟ್ಟು ನೋಡಬೇಕು.

ಅವರ ಪುಸ್ತಕಗಳಲ್ಲಿ ಯಾವುದನ್ನು ಮೊದಲು ಓದಬೇಕು?

ಸಾಮಾನ್ಯವಾಗಿ ವಿದ್ಯಾರ್ಥಿಗಳು 1936ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ‘ಆ್ಯನ್ ಆ್ಯಕ್ಟರ್ ಪ್ರಿಪೇರ್ಸ್’ ಪುಸ್ತಕದಿಂದ ಆರಂಭಿಸುತ್ತಾರೆ. ಅದರಲ್ಲಿ ಅಭ್ಯಾಸಗಳಿವೆ, ಪಾರಿಭಾಷಿಕ ಪದಗಳಿವೆ. ಆದರೆ ಅವು ಯಾವ ಸಂಕಟದಿಂದ ಹುಟ್ಟಿದವೆಂದು ತಿಳಿಯದೆ ಓದಿದರೆ ಬಾಯಿಪಾಠವಾಗಿಬಿಡುತ್ತವೆ. ಆದ್ದರಿಂದ 1924ರಲ್ಲಿ ಅಮೆರಿಕದಲ್ಲಿ ಮೊದಲು ಪ್ರಕಟವಾಗಿ, 1926ರಲ್ಲಿ ರಷ್ಯನ್ ಭಾಷೆಯಲ್ಲಿ ಪರಿಷ್ಕೃತ ರೂಪದಲ್ಲಿ ಬಂದ ಆತ್ಮಕಥೆ ‘ಮೈ ಲೈಫ್ ಇನ್ ಆರ್ಟ್’ ಅನ್ನು ಮೊದಲು ಓದುವುದು ಒಳ್ಳೆಯದು. ಅದರಲ್ಲಿಯೂ ಸಮಯ ಕಡಿಮೆಯಿದ್ದವರು ಒಥೆಲೋ, ಸ್ಟಾಕ್‌ಮನ್ ಮತ್ತು ಫಿನ್ಲೆಂಡ್‌ನ ಬೇಸಿಗೆ ಕುರಿತ ಅಧ್ಯಾಯಗಳನ್ನು ಓದಿಕೊಂಡು ಅಭ್ಯಾಸದ ಪುಸ್ತಕಕ್ಕೆ ಬರಬಹುದು.